ಪರದೇಶದಲ್ಲಿರುವ ಮಿಷನರಿ ಕುಟುಂಬಕ್ಕೆ ಕ್ರಿಸ್ಮಸ್ ಸಮಯದಲ್ಲಿ ನಾವೇನು ಮಾಡಬಹುದು?

ಪ್ರಶ್ನೆ: ಹುಬ್ಬಳ್ಳಿಯ ನಮ್ಮ ಸಭೆಯ ವೈದ್ಯ ದಂಪತಿ ತಮ್ಮ ಇಬ್ಬರು ಮಕ್ಕಳೊಂದಿಗೆ ಕಳೆದ ಜೂನ್‌ನಲ್ಲಿ ತಾಂಜಾನಿಯಾದ ಹಳ್ಳಿಯೊಂದರ ಮಿಷನ್ ಆಸ್ಪತ್ರೆಗೆ ಸೇವೆಗಾಗಿ ಹೋಗಿದ್ದಾರೆ. ತಂದೆತಾಯಿಯರಿಂದ ದೂರವಿದ್ದು ಅವರು ಆಚರಿಸಲಿರುವ ಮೊದಲ ಕ್ರಿಸ್ಮಸ್ ಇದು. ಮಹಿಳಾ ಕೂಟದ ವತಿಯಿಂದ ಒಂದು ಪಾರ್ಸೆಲ್ಲನ್ನೂ ಸ್ವಲ್ಪ ಕಾಣಿಕೆಯನ್ನೂ ಕಳುಹಿಸಬೇಕೆಂದಿದ್ದೇವೆ. ಅವರಿಗೆ ನಿಜವಾಗಿ ಯಾವುದು ಬೇಕಾದೀತು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಪ್ರಿಯ ಸಹೋದರಿಯವರೇ, ನಾನೂ ನನ್ನ ಯಜಮಾನರೂ ಅದೇ ದೇಶದಲ್ಲಿ ಒಂಬತ್ತು ವರ್ಷ ಸೇವೆಯಲ್ಲಿದ್ದೆವು. ಮೊದಲಿಗೆ ಅಂಚೆಯ ವಿಷಯವನ್ನು ಹೇಳುತ್ತೇನೆ. ಅಲ್ಲಿ ನಮ್ಮೂರಿನಂತೆ ಪೋಸ್ಟ್‌ಮ್ಯಾನ್ ಮನೆಬಾಗಿಲಿಗೆ ಬರುವುದು ರೂಢಿಯಲ್ಲಿಲ್ಲ. ಕಾಗದಗಳು ಪಟ್ಟಣದ ಅಂಚೆ ಕಚೇರಿಯ ಪೆಟ್ಟಿಗೆ ಸಂಖ್ಯೆಗೆ ಬರುತ್ತವೆ, ಆಸ್ಪತ್ರೆಯಿಂದ ಯಾರಾದರೂ ಪೇಟೆಗೆ ಹೋದಾಗಲೇ ಅವು ಕೈಸೇರುತ್ತವೆ. ಆದ್ದರಿಂದ ಪಾರ್ಸೆಲ್ಲನ್ನು ಅಕ್ಟೋಬರ್‌ನಲ್ಲಿಯೇ ಕಳುಹಿಸಿಬಿಡಿ. ಕಸ್ಟಮ್ಸ್ ನಮೂನೆಯಲ್ಲಿ ಒಳಗಿರುವ ಒಂದೊಂದು ವಸ್ತುವನ್ನೂ ಅದರ ಬೆಲೆಯನ್ನೂ ಇದ್ದದ್ದು ಇದ್ದಂತೆ ಬರೆಯಿರಿ. ಸುಂಕ ಬಿದ್ದರೆ ಅದನ್ನು ಕಟ್ಟಬೇಕಾದವರು ಪಡೆಯುವವರೇ ಎಂಬುದನ್ನು ನೆನಪಿಟ್ಟುಕೊಂಡು, ಬೆಲೆಬಾಳುವ ವಸ್ತುಗಳನ್ನು ಹಾಕದಿರುವುದೇ ಒಳ್ಳೆಯದು.

ಅಕ್ಕಿ, ಬೇಳೆ, ಗೋಧಿಹಿಟ್ಟುಗಳ ಚಿಂತೆ ನಿಮಗೆ ಬೇಡ. ಪೂರ್ವ ಆಫ್ರಿಕಾದ ಕರಾವಳಿಯಲ್ಲಿ ಗುಜರಾತಿನ ವ್ಯಾಪಾರಿಗಳು ನೆಲೆಸಿ ನೂರು ವರ್ಷಗಳಿಗಿಂತ ಹೆಚ್ಚಾಗಿದೆ; ದಾರ್ ಎಸ್ ಸಲಾಮ್‌ನಲ್ಲಿ ನಮ್ಮ ಅಡುಗೆಯ ಸಾಮಾನುಗಳೆಲ್ಲ ಸಿಗುತ್ತವೆ, ಅಲ್ಲಿಯ ಜನರೇ ಕ್ರಿಸ್ಮಸ್‌ಗೆ ಪಿಲಾವು ಮತ್ತು ಚಪಾತಿ ಮಾಡುತ್ತಾರೆ. ಸಿಗದಿರುವುದು ನಿಮ್ಮ ಮನೆಯ ಗುರೆಳ್ಳು ಚಟ್ನಿಪುಡಿ, ಮಕ್ಕಳ ಕನ್ನಡ ಕಥೆಪುಸ್ತಕ, ಕೈಬರಹದ ಕಾಗದ. ತಿಂಡಿಯನ್ನು ಕಳುಹಿಸಲು ಅನುಮತಿ ಇದೆಯೇ ಎಂದು ಅಂಚೆ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಒಂದು ವರ್ಷ ನಮ್ಮ ಅತ್ತೆಯವರು ಡಬ್ಬಿ ತುಂಬ ರೋಸ್ ಕುಕ್ಕಿ ಮಾಡಿ ಕಳುಹಿಸಿದ್ದರು. ಡಬ್ಬಿಯನ್ನು ತೆರೆದು, ಪರೀಕ್ಷಿಸಿ, ಮತ್ತೆ ಟೇಪು ಸುತ್ತಿದ್ದರು. ಜನವರಿ ಕೊನೆಯಲ್ಲಿ ನಮ್ಮ ಕೈಗೆ ಬರುವಾಗ ಒಳಗೆ ಒಂದು ಹೂವೂ ಉಳಿದಿರಲಿಲ್ಲ, ಬರೀ ಏಲಕ್ಕಿ ಪರಿಮಳದ ಪುಡಿ. ನನ್ನ ಮಗ ಬೆರಳನ್ನು ಒದ್ದೆಮಾಡಿ ಆ ಪುಡಿಯಲ್ಲಿ ಅದ್ದಿ ಅದ್ದಿ ನೆಕ್ಕಿ, ಡಬ್ಬಿಯ ಮೂಲೆಯನ್ನೂ ಬಿಡದೆ ಮುಗಿಸಿದನು. ಆದ್ದರಿಂದ ಒಡೆದುಹೋದೀತೆಂದು ಹಿಂಜರಿಯಬೇಡಿ, ಆದರೆ ಕರ್ಚಿಕಾಯಿಗಿಂತ ಶಂಕರಪೋಳಿ ಗಟ್ಟಿಯಾಗಿ ಉಳಿಯುತ್ತದೆ.

ಇನ್ನೊಂದು ವಿನಂತಿ. ಕಾಗದದಲ್ಲಿ "ಉತ್ತರಕ್ಕೆ ಅವಸರವಿಲ್ಲ" ಎಂದು ಸ್ಪಷ್ಟವಾಗಿ ಬರೆಯಿರಿ. ಐವತ್ತು ಕಾಗದಗಳಿಗೆ ಕೃತಜ್ಞತೆ ಹೇಳಬೇಕೆಂಬ ಭಾರ ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಎಷ್ಟಿರುತ್ತದೆ ಎಂಬುದನ್ನು ನಾನು ಬಲ್ಲೆ.

ಉತ್ತರ 2: ಕಾಣಿಕೆಯ ಕುರಿತು ಎರಡು ಮಾತು. ಚೀನಾದಲ್ಲಿದ್ದ ಅಮೆರಿಕದ ಮಿಷನರಿ ಲಾಟೀ ಮೂನ್ ಅವರು 1887ರಲ್ಲಿ ತಮ್ಮ ದೇಶದ ಸ್ತ್ರೀಯರಿಗೆ ಪತ್ರ ಬರೆದು, ಕ್ರಿಸ್ಮಸ್‌ಗೆ ಮುಂಚೆ ಮಿಷನ್‌ಗಾಗಿ ಕಾಣಿಕೆ ಎತ್ತುವಂತೆ ಕೇಳಿಕೊಂಡರು. ಮರುವರ್ಷ 3,315 ಡಾಲರ್ ಸೇರಿತು, ಅದರಿಂದ ಮೂವರು ಹೊಸ ಮಿಷನರಿಗಳನ್ನು ಕಳುಹಿಸಲು ಸಾಧ್ಯವಾಯಿತು. ಒಂಟಿಯಾಗಿ ದುಡಿಯುತ್ತಿದ್ದ ಆಕೆಗೆ ಬೇಕಾಗಿದ್ದದ್ದು ಜೊತೆಗಾರರು, ಅದನ್ನೇ ಬಾಯಿಬಿಟ್ಟು ಕೇಳಿದರು. ನಮ್ಮವರು ಸಂಕೋಚದಿಂದ ಕೇಳುವುದಿಲ್ಲ. ಆದ್ದರಿಂದ ನೀವೇ ಕೇಳಬೇಕು. ಹಣವನ್ನು ಅವರನ್ನು ಕಳುಹಿಸಿದ ಸಂಸ್ಥೆಯ ಮೂಲಕವೇ, ಬ್ಯಾಂಕಿನಲ್ಲಿ ಉದ್ದೇಶವನ್ನು ಸರಿಯಾಗಿ ತಿಳಿಸಿ ಕಳುಹಿಸಿ. "ಇದು ಮಕ್ಕಳನ್ನು ಎರಡು ದಿನ ಎಲ್ಲಿಗಾದರೂ ಕರೆದುಕೊಂಡು ಹೋಗುವುದಕ್ಕೆ" ಎಂದು ಒಂದು ಸಾಲು ಸೇರಿಸದಿದ್ದರೆ ಅವರು ಅದನ್ನೂ ಆಸ್ಪತ್ರೆಗೇ ಖರ್ಚುಮಾಡುತ್ತಾರೆ. ನನ್ನ ತಮ್ಮನ ಮನೆಯಲ್ಲಿ ಹಾಗೆಯೇ ಆಯಿತು.

ಉತ್ತರ 3: ತಾಂಜಾನಿಯಾದಲ್ಲಿ ಸಭೆಗಳು ಬಹಿರಂಗವಾಗಿಯೇ ನಡೆಯುತ್ತವೆ, ಆದರೆ ಇದನ್ನು ಓದುವ ಇತರರ ಮಿಷನರಿಗಳು ಬೇರೆ ದೇಶಗಳಲ್ಲಿರಬಹುದು. ನೇಪಾಳದಲ್ಲಿ 2018ರ ಆಗಸ್ಟ್‌ನಿಂದ ಜಾರಿಯಲ್ಲಿರುವ ದಂಡ ಸಂಹಿತೆಯ ಪ್ರಕಾರ ಮತಾಂತರ ಮಾಡಿಸುವುದು ಅಪರಾಧ. ಅಂಥ ಕಡೆ ಇರುವವರಿಗೆ ಬರೆಯುವಾಗ ಏನನ್ನು ಬರೆಯಬಹುದು, ಏನನ್ನು ಬರೆಯಬಾರದು ಎಂದು ಅವರನ್ನೇ ಕೇಳಿ, ಅವರ ಫೋಟೊವನ್ನು ಸಭೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕದಿರಿ.

ಉತ್ತರ 4: ನಾನು ಸಂಡೇ ಸ್ಕೂಲ್ ಶಿಕ್ಷಕಿ. ಎರಡು ವರ್ಷಗಳ ಹಿಂದೆ ಕ್ರಿಸ್ಮಸ್ ಆರಾಧನೆಯಾದ ಮೇಲೆ ನಮ್ಮ ಮಿಷನರಿ ಕುಟುಂಬಕ್ಕೆ ವಿಡಿಯೊ ಕರೆ ಮಾಡಿ, ಫೋನನ್ನು ಕೈಯಿಂದ ಕೈಗೆ ದಾಟಿಸಿದೆವು. ನಲವತ್ತು ಜನರು ಒಬ್ಬೊಬ್ಬರಾಗಿ "ಹೇಗಿದ್ದೀರಿ" ಎಂದು ಕೇಳಿದರು, ಆ ತಾಯಿ ನಲವತ್ತು ಸಲವೂ ನಕ್ಕು ಉತ್ತರಿಸಿದರು. ಕರೆ ಮುಗಿದ ಮೇಲೆ ಬಹಳ ಹೊತ್ತು ಅತ್ತರೆಂದು ಅವರೇ ನಂತರ ಹೇಳಿದಾಗ ನನಗೆ ಬಹಳ ನೋವಾಯಿತು. ಮರುವರ್ಷ ನಾವು ಡಿಸೆಂಬರ್ ಮೊದಲ ವಾರದಲ್ಲೇ ಮಕ್ಕಳ ಹಾಡುಗಳನ್ನು, ಗಂಟೆಯ ಸದ್ದನ್ನು, ಅಯ್ಯನವರ ಆಶೀರ್ವಾದವನ್ನು ಧ್ವನಿಮುದ್ರಿಸಿ ಕಳುಹಿಸಿದೆವು. ಅದನ್ನು ಅವರು ತಮಗೆ ಬಿಡುವಾದಾಗ, ತಮಗೆ ಬೇಕಾದಷ್ಟು ಸಲ ಕೇಳಿದರು. ಮಾತನಾಡಲೇಬೇಕೆಂದಿದ್ದರೆ ಒಂದೇ ಮನೆಯವರು ಕರೆ ಮಾಡಿ. ತಾಂಜಾನಿಯಾ ನಮಗಿಂತ ಎರಡೂವರೆ ಗಂಟೆ ಹಿಂದಿದೆ, ನಮ್ಮ ರಾತ್ರಿ ಎಂಟು ಗಂಟೆಗೆ ಅಲ್ಲಿ ಸಂಜೆ ಐದೂವರೆ. ಡಿಸೆಂಬರ್ 25 ಮತ್ತು 26 ಎರಡೂ ಅಲ್ಲಿ ಸರ್ಕಾರಿ ರಜೆಯಾದರೂ ವೈದ್ಯರಿಗೆ ರಜೆ ಇರುತ್ತದೆಂದು ಹೇಳಲಾಗದು, ಆದ್ದರಿಂದ ದಿನವನ್ನು ಅವರೇ ಆರಿಸಲಿ.

ಉತ್ತರ 1 ಬರೆದವರಿಂದ ಮತ್ತೆ: ಮುಖ್ಯವಾದದ್ದನ್ನು ಬರೆಯಲು ಮರೆತಿದ್ದೆ. ಆ ದಂಪತಿಯ ತಂದೆತಾಯಿಯರು ಹುಬ್ಬಳ್ಳಿಯಲ್ಲೇ ಇದ್ದರೆ ದಯವಿಟ್ಟು ಅವರ ಮನೆಗೆ ಹೋಗಿ. ಹಬ್ಬದ ದಿನ ಮಗನಿಲ್ಲದ ಮನೆಯಲ್ಲಿ ವಯಸ್ಸಾದವರು ಇಬ್ಬರೇ ಕುಳಿತಿರುತ್ತಾರೆಂಬ ಯೋಚನೆಗಿಂತ ಹೆಚ್ಚಾಗಿ ನಮ್ಮನ್ನು ಕಾಡಿದ್ದು ಮತ್ತೊಂದಿಲ್ಲ. ನಮ್ಮ ನಾಲ್ಕನೆಯ ವರ್ಷ ಸಭೆಯ ಇಬ್ಬರು ಯುವಕರು ನನ್ನ ತಾಯಿಯನ್ನು ಆಟೋದಲ್ಲಿ ಆರಾಧನೆಗೆ ಕರೆದುಕೊಂಡು ಹೋಗಿ, ಊಟ ಮಾಡಿಸಿ, ಮನೆಗೆ ಬಿಟ್ಟು, ಹೊಸ ಸೀರೆಯುಟ್ಟು ಬಾಗಿಲಲ್ಲಿ ನಿಂತ ಆಕೆಯ ಫೋಟೊವನ್ನು ಕಳುಹಿಸಿದರು. ಆ ವರ್ಷ ನಮಗೆ ಯಾವ ಪಾರ್ಸೆಲ್ಲೂ ಬರಲಿಲ್ಲ, ಬೇಕೆಂದು ಅನಿಸಲೂ ಇಲ್ಲ.