ಸಿಲಿಕಾನ್ ಬ್ಯಾಟರಿಯ ಕಾರಿಗಾಗಿ ಕಾಯಬೇಕೇ?

ಪ್ರಶ್ನೆ: ಸರ್, ಈ ವರ್ಷ ವಿದ್ಯುತ್ ಕಾರು ಕೊಳ್ಳಬೇಕೆಂದಿದ್ದೇನೆ. ಗ್ರಾಫೈಟ್ ಕಾಲ ಮುಗಿಯಿತು, ಸಿಲಿಕಾನ್ ಬಂದರೆ ಹತ್ತು ಪಟ್ಟು ಸಾಮರ್ಥ್ಯ ಸಿಗುತ್ತದೆ ಎಂದು ವಿಡಿಯೊ ಒಂದರಲ್ಲಿ ನೋಡಿದೆ. ಎರಡು ಮೂರು ವರ್ಷ ಕಾಯುವುದು ಲೇಸೇ? ನೀವು ಸೆಲ್ ಪರೀಕ್ಷೆಯ ಕೆಲಸದಲ್ಲಿ ಇರುವುದರಿಂದ ಕೇಳುತ್ತಿದ್ದೇನೆ.

ಉತ್ತರ: ಕಾಯಬೇಡಿ. ಹತ್ತು ಪಟ್ಟು ಎಂಬುದು ಸುಳ್ಳಲ್ಲ. ಆದರೆ ಅದು ಆನೋಡ್ (ಚಾರ್ಜ್ ಆಗುವಾಗ ಲಿಥಿಯಂ ಬಂದು ಕೂರುವ ಋಣ ಧ್ರುವ) ಪುಡಿಯ ಲೆಕ್ಕ, ಕಾರಿನ ಲೆಕ್ಕವಲ್ಲ. ಗ್ರಾಫೈಟ್‌ನಲ್ಲಿ ಒಂದು ಲಿಥಿಯಂ ಕೂರಲು ಆರು ಇಂಗಾಲದ ಪರಮಾಣುಗಳು ಬೇಕು. ಸಿಲಿಕಾನ್‌ನ ನಾಲ್ಕು ಪರಮಾಣುಗಳು ಹದಿನೈದು ಲಿಥಿಯಂಗಳನ್ನು ಹಿಡಿಯುತ್ತವೆ. ಹಾಗಾಗಿ ಒಂದು ಗ್ರಾಂಗೆ ಗ್ರಾಫೈಟ್ 372 ಮಿಲಿಆಂಪಿಯರ್ ಅವರ್ ಕೊಟ್ಟರೆ, ಸಿಲಿಕಾನ್ ಸುಮಾರು 3,579 ಕೊಡುತ್ತದೆ.

ಈಗ ಪೂರ್ತಿ ಸೆಲ್ ನೋಡಿ. ಒಂದು ಆಂಪಿಯರ್ ಅವರ್‌ಗೆ ನಿಕಲ್ ಬಗೆಯ ಕ್ಯಾಥೋಡ್ (ಎದುರಿನ ಧನ ಧ್ರುವ) ಸುಮಾರು 5 ಗ್ರಾಂ, ಗ್ರಾಫೈಟ್ 2.8 ಗ್ರಾಂ ಬೇಕು. ಗ್ರಾಫೈಟನ್ನು ಪೂರ್ತಿ ತೆಗೆದು ಸಿಲಿಕಾನ್ ಹಾಕಿದರೆ ಆ 2.8 ಗ್ರಾಂ 0.3ಕ್ಕೆ ಇಳಿಯಬಹುದು, ಕ್ಯಾಥೋಡ್‌ನ 5 ಗ್ರಾಂ ಇದ್ದಲ್ಲೇ ಇರುತ್ತದೆ. ಮೇಲಿಂದ ತಾಮ್ರದ ಹಾಳೆ, ಅಲ್ಯೂಮಿನಿಯಂ ಹಾಳೆ, ದ್ರಾವಣ, ಹೊರಕವಚ. ಸಿಲಿಕಾನ್ ಉಬ್ಬುವುದಕ್ಕೆಂದು ಬಿಡಬೇಕಾದ ಖಾಲಿ ಜಾಗ ಬೇರೆ. ಎಲ್ಲ ಕಳೆದು ಕೂಡಿದರೆ ಕೈಗೆ ಸಿಗುವುದು ಹತ್ತು ಪಟ್ಟಲ್ಲ, ಶೇ. 20ರಿಂದ 40ರಷ್ಟು ಹೆಚ್ಚಳ. ಅದೇನೂ ಸಣ್ಣದಲ್ಲ, ಆದರೆ ವಿಡಿಯೊ ಮಾಡುವವರಿಗೆ ಅದು ಸಾಲದು.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ಅಷ್ಟಾದರೂ ಸಿಗುವುದಾದರೆ ತಡ ಏಕೆ ಸರ್? ಫೋನ್‌ಗಳಲ್ಲಿ ಸಿಲಿಕಾನ್-ಕಾರ್ಬನ್ ಬ್ಯಾಟರಿ ಬಂದಾಗಿದೆಯಲ್ಲ?

ಉತ್ತರ: ಬಂದಿದೆ ಮೇಡಂ. 2023ರಲ್ಲಿ ಆನರ್ ಕಂಪನಿ ಚೀನಾದಲ್ಲಿ ಅಂಥ ಫೋನ್ ಬಿಟ್ಟಿತು. ಈಗ ಹಲವು ಫೋನ್‌ಗಳು ಅದೇ ದಪ್ಪದಲ್ಲಿ 6,000 ಮಿಲಿಆಂಪಿಯರ್ ಅವರ್ ದಾಟಿವೆ. ಆದರೆ ಫೋನ್ ಮೂರು ವರ್ಷ ಬಾಳಿದರೆ ಯಾರೂ ದೂರುವುದಿಲ್ಲ. ಕಾರಿನ ಬ್ಯಾಟರಿಗೆ ಎಂಟು ವರ್ಷದ ವಾರಂಟಿ ಕೊಡಬೇಕು.

ತೊಡಕು ಇರುವುದು ಉಬ್ಬುವಿಕೆಯಲ್ಲಿ. ಚಾರ್ಜ್ ಆಗುವಾಗ ಗ್ರಾಫೈಟ್ ಶೇ. 10ರಷ್ಟು ಹಿಗ್ಗಿದರೆ ಸಿಲಿಕಾನ್ ಶೇ. 300ರಷ್ಟು ಹಿಗ್ಗುತ್ತದೆ. ಆರ್ಗಾನ್ ತುಂಬಿದ ಪೆಟ್ಟಿಗೆಯಲ್ಲಿ ಕೈಗವಸಿನೊಳಗಿಂದ ಸೆಲ್ ಬಿಚ್ಚುವುದು ನಮ್ಮ ದಿನನಿತ್ಯದ ಕೆಲಸ. ಪೂರ್ತಿ ಚಾರ್ಜ್ ಆದ ಒಳ್ಳೆಯ ಗ್ರಾಫೈಟ್ ಹಾಳೆ ಅಚ್ಚ ಚಿನ್ನದ ಬಣ್ಣದಲ್ಲಿರುತ್ತದೆ, ನುಣುಪಾಗಿರುತ್ತದೆ. ಸಿಲಿಕಾನ್ ಹೆಚ್ಚಿದ್ದು ಸವೆದ ಸೆಲ್ ಬಿಚ್ಚಿದರೆ ತಾಮ್ರದ ಹಾಳೆ ಸುಕ್ಕುಗಟ್ಟಿರುತ್ತದೆ, ಲೇಪ ಚಕ್ಕೆ ಚಕ್ಕೆಯಾಗಿ ಚಿಮಟಕ್ಕೆ ಅಂಟಿಕೊಂಡು ಬರುತ್ತದೆ.

ಬಿರುಕಿಗಿಂತಲೂ ಅದರ ಬೆನ್ನಿಗೆ ಬರುವ ನಷ್ಟ ದೊಡ್ಡದು. ಆನೋಡ್ ಮೇಲೆ ದ್ರಾವಣದಿಂದ ತೆಳುವಾದ ರಕ್ಷಣಾ ಪದರವೊಂದು ಕಟ್ಟಿರುತ್ತದೆ. ಕಣ ಉಬ್ಬಿದಾಗ ಅದು ಬಿರಿಯುತ್ತದೆ, ಹೊಸ ಪದರ ಕಟ್ಟುತ್ತದೆ, ಪ್ರತಿ ಸಲವೂ ಒಂದಿಷ್ಟು ಲಿಥಿಯಂ ನುಂಗುತ್ತದೆ. ಒಂದು ಚಕ್ರಕ್ಕೆ (ಒಮ್ಮೆ ತುಂಬಿ ಖಾಲಿ ಮಾಡುವುದಕ್ಕೆ) ಶೇ. 0.1ರಷ್ಟು ಮಾತ್ರ ಹೋದರೂ 500 ಚಕ್ರಗಳಲ್ಲಿ ಉಳಿಯುವುದು ಶೇ. 60. ಹಾಗಾಗಿಯೇ ಇಂದಿನ ಕಾರುಗಳಲ್ಲಿ ಸಿಲಿಕಾನ್ ಒಗ್ಗರಣೆಯ ಮಟ್ಟದಲ್ಲಿದೆ. ಟೆಸ್ಲಾ 2015ರಲ್ಲೇ ಮಾಡೆಲ್ ಎಸ್‌ನ ಗ್ರಾಫೈಟ್‌ಗೆ ಸ್ವಲ್ಪ ಬೆರೆಸಿರುವುದಾಗಿ ಹೇಳಿತ್ತು.

ಪ್ರಶ್ನೆ (ಸಂಡೂರಿನಿಂದ): ನಮ್ಮ ತೋರಣಗಲ್ಲಿನ ಕಡೆ ಬ್ಯಾಟರಿ ಗ್ರಾಫೈಟ್ ತಯಾರಾಗುತ್ತದೆ. ಅದಕ್ಕೆ ಮುಂದೆ ಕುತ್ತು ಬರುತ್ತದೆಯೇ?

ಉತ್ತರ: ನನಗೇನೂ ಹಾಗೆ ಕಾಣುತ್ತಿಲ್ಲ. ಕಲ್ಲಿದ್ದಲ ಟಾರ್‌ನಿಂದ ಅಲ್ಲಿ ಮಾಡುವ ಕೃತಕ ಗ್ರಾಫೈಟ್‌ಗೆ ಇಂದಿನ ಪೈಪೋಟಿ ಸಿಲಿಕಾನ್ ಅಲ್ಲ, ಚೀನಾ. ಆನೋಡ್ ಗ್ರಾಫೈಟ್‌ನ ಸಂಸ್ಕರಣೆಯಲ್ಲಿ ಶೇ. 90ಕ್ಕೂ ಹೆಚ್ಚು ಅಲ್ಲಿಯೇ ಆಗುತ್ತದೆ. 2023ರ ಡಿಸೆಂಬರ್‌ನಿಂದ ರಫ್ತಿಗೆ ಪರವಾನಗಿಯನ್ನೂ ಕಡ್ಡಾಯ ಮಾಡಿದ್ದಾರೆ. ಸಿಲಿಕಾನ್ ಮೇಲೆ ಅಮೆರಿಕದವರು ಹಣ ಸುರಿಯಲು ಅದೂ ಒಂದು ಕಾರಣ. ಸಿಲಿಕಾನ್ ಆನೋಡ್ ಪುಡಿ ಮಾಡುವ ಸಿಲಾ, ಗ್ರೂಪ್14 ಕಂಪನಿಗಳೆರಡೂ ಕಾರ್ಖಾನೆಗೆ ವಾಷಿಂಗ್ಟನ್ ರಾಜ್ಯದ ಮೋಸೆಸ್ ಲೇಕ್ ಊರನ್ನೇ ಆರಿಸಿಕೊಂಡಿವೆ. ಗ್ರೂಪ್14 ಬಳಸುವುದು ರಂಧ್ರಮಯ ಇಂಗಾಲದ ಕಣ. ಸಿಲೇನ್ ಅನಿಲದಿಂದ ಬಂದ ಸಿಲಿಕಾನ್ ಆ ರಂಧ್ರಗಳಲ್ಲಿ ಕೂರುತ್ತದೆ, ಉಬ್ಬಲು ಜಾಗವೂ ಒಳಗೇ ಇರುತ್ತದೆ. ಉಪಾಯ ಚೆನ್ನಾಗಿದೆ. ಆದರೆ ಸಿಲೇನ್ ಗಾಳಿ ತಾಗಿದರೆ ತಾನೇ ಹೊತ್ತಿಕೊಳ್ಳುವ ಅನಿಲ, ಅಗ್ಗವೂ ಅಲ್ಲ. ದುಬಾರಿ ಕಾರುಗಳಿಗೆ ಮೊದಲು ಬರುತ್ತದೆ. ಕಬ್ಬಿಣ-ಫಾಸ್ಫೇಟ್ ಬ್ಯಾಟರಿಯ ಕಾರುಗಳಲ್ಲಿ ಕ್ಯಾಥೋಡ್‌ನದೇ ಭಾರ ಹೆಚ್ಚು, ಹಾಗಾಗಿ ಅಲ್ಲಿ ಲಾಭ ಇನ್ನೂ ಕಡಿಮೆ. ಅವು ಬಹುಕಾಲ ಗ್ರಾಫೈಟ್‌ನಲ್ಲೇ ಓಡುತ್ತವೆ.

ಪ್ರಶ್ನೆ (ಮೊದಲು ಕೇಳಿದವರು): ಧನ್ಯವಾದ ಸರ್, ಕೊಂಡುಬಿಡುತ್ತೇನೆ. ಒಂದು ವೇಳೆ ನನ್ನ ಕಾರಿನಲ್ಲೇ ಸಿಲಿಕಾನ್ ಬೆರೆಸಿದ್ದರೆ ಚಾರ್ಜ್ ಮಾಡುವ ಕ್ರಮ ಬದಲಿಸಬೇಕೇ?

ಉತ್ತರ: ಚಾರ್ಜ್ ತೀರಾ ಕೆಳಗೆ ಇಳಿಯದಂತೆ ನೋಡಿಕೊಳ್ಳಿ. ಬೆರಕೆ ಆನೋಡ್‌ನಲ್ಲಿ ಗ್ರಾಫೈಟ್ ಮೊದಲು ಖಾಲಿಯಾಗುತ್ತದೆ, ಸಿಲಿಕಾನ್ ಕೆಲಸ ಮಾಡುವುದು ಹೆಚ್ಚಾಗಿ ಕೊನೆಯ ಹಂತದಲ್ಲಿ. ದಿನವೂ ಶೇ. 5ರವರೆಗೆ ಓಡಿಸಿ ಮತ್ತೆ ತುಂಬಿದರೆ ಆ ಕಣಗಳೇ ಹೆಚ್ಚು ಕುಗ್ಗಿ ಹಿಗ್ಗುತ್ತವೆ. ಶೇ. 20ಕ್ಕೆ ಬಂದಾಗ ಚಾರ್ಜ್‌ಗೆ ಹಾಕಿ.