ಇಎಫ್ 28, ಕ್ರಿಯಾಟಿನಿನ್ 1.8, ಮೂರೂ ನಾಳ ಬ್ಲಾಕ್: ಬೈಪಾಸ್ ರಿಸ್ಕ್ ಎಷ್ಟು ಅಂತ ಮನೆಯವರಿಗೆ ಹೇಗೆ ಹೇಳುವುದು?

ಪ್ರಶ್ನೆ (ಜನರಲ್ ಮೆಡಿಸಿನ್):
ಗಂಡಸು, ವಯಸ್ಸು 71, ತೂಕ 58 ಕೆ.ಜಿ. ಸಕ್ಕರೆ ಕಾಯಿಲೆ, ಇನ್ಸುಲಿನ್ ನಡೆಯುತ್ತಿದೆ. ಆರು ವಾರದ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು. ಆಂಜಿಯೋಗ್ರಾಂನಲ್ಲಿ ಮೂರೂ ನಾಳಗಳಲ್ಲಿ ಬ್ಲಾಕ್, ಎಲ್‌ಎಡಿ (ಹೃದಯದ ಮುಂಭಾಗದ ಮುಖ್ಯ ನಾಳ) ಬುಡದಲ್ಲೇ 90%. ಎಕೋದಲ್ಲಿ ಇಎಫ್ (ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಪಾಲು) 28%. ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತೋರಿಸುವ ರಕ್ತ ಪರೀಕ್ಷೆ) 1.8. ಎದೆನೋವಿಲ್ಲ, ಆದರೆ ಮನೆಯೊಳಗೆ ಓಡಾಡಿದರೂ ಏದುಸಿರು. ರಕ್ತ ಹೆಪ್ಪುಗಟ್ಟದಂತೆ ಟಿಕಾಗ್ರೆಲಾರ್, ಆಸ್ಪಿರಿನ್, ಜೊತೆಗೆ ಸಕ್ಕರೆ ಮತ್ತು ಹೃದಯಕ್ಕೆ ಡಾಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಿದ್ದಾರೆ.

ಒಬ್ಬರು ಬೈಪಾಸ್ ಮಾಡಿಸಿ ಅನ್ನುತ್ತಾರೆ, ಇನ್ನೊಬ್ಬರು ಮಾತ್ರೆಯಲ್ಲೇ ನಡೆಸಿ ಅನ್ನುತ್ತಾರೆ. ಮನೆಯವರಿಗೆ ಬೇಕಿರುವುದು ಒಂದೇ ಒಂದು ಸಂಖ್ಯೆ. ಆ ಸಂಖ್ಯೆಯನ್ನು ಹೇಗೆ ತೆಗೆಯುವುದು, ಎಷ್ಟು ನಂಬುವುದು? ಆಪರೇಷನ್‌ಗೆ ಮೊದಲು ಅದನ್ನು ಇಳಿಸಲು ಏನಾದರೂ ಮಾಡಬಹುದೇ?

ಉತ್ತರ 1 (ಹೃದಯ ಶಸ್ತ್ರಚಿಕಿತ್ಸೆ):
ಮೊದಲು ಆ ಕ್ರಿಯಾಟಿನಿನ್ ನೋಡಿ ಸರ್. 1.8 ಅಂದರೆ "ಸ್ವಲ್ಪ ಜಾಸ್ತಿ" ಎಂದು ಎಲ್ಲರೂ ಮುಂದೆ ಹೋಗಿಬಿಡುತ್ತಾರೆ. ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರಕ್ಕೆ ಹಾಕಿ: 140ರಲ್ಲಿ 71 ಕಳೆದರೆ 69, ಅದನ್ನು 58ರಿಂದ ಗುಣಿಸಿ, 72 ಗುಣಿಸು 1.8ರಿಂದ ಭಾಗಿಸಿದರೆ ಕ್ಲಿಯರೆನ್ಸ್ (ಕಿಡ್ನಿ ರಕ್ತ ಶೋಧಿಸುವ ವೇಗ) ನಿಮಿಷಕ್ಕೆ ಸುಮಾರು 31 ಎಂ.ಎಲ್. ಮೈಯಲ್ಲಿ ಮಾಂಸಖಂಡ ಕಡಿಮೆ ಇರುವ ವಯಸ್ಸಾದವರಲ್ಲಿ ಕ್ರಿಯಾಟಿನಿನ್ ಹೀಗೆಯೇ ಮೋಸ ಮಾಡುತ್ತದೆ. ಹೃದಯದ ಆಪರೇಷನ್‌ನಲ್ಲಿ ಸಾವಿನ ಅಪಾಯ ಅಂದಾಜಿಸುವ 2012ರ ಯೂರೋಸ್ಕೋರ್-2 ಲೆಕ್ಕದಲ್ಲಿ 50ಕ್ಕಿಂತ ಕೆಳಗಿನ ಕ್ಲಿಯರೆನ್ಸ್‌ಗೆ ಇರುವ ಭಾರ 21ರಿಂದ 30ರೊಳಗಿನ ಇಎಫ್‌ಗೆ ಇರುವ ಭಾರಕ್ಕಿಂತ ಒಂದು ಕೂದಲೆಳೆ ಹೆಚ್ಚು. ಎಲ್ಲರ ಕಣ್ಣು ಇಎಫ್ ಮೇಲೆ, ಕಿಡ್ನಿ ಸದ್ದಿಲ್ಲದೆ ಅಷ್ಟೇ ಅಪಾಯ ಸೇರಿಸಿರುತ್ತದೆ.

ನೀವು ಕೊಟ್ಟ ವಿವರಗಳನ್ನೆಲ್ಲ ಹಾಕಿ, ಉಸಿರಾಟದ ತೊಂದರೆಯನ್ನು ಎನ್‌ವೈಎಚ್‌ಎ 3 (ಸ್ವಲ್ಪ ಓಡಾಟಕ್ಕೂ ಏದುಸಿರು ಬರುವ ಹಂತ) ಎಂದುಕೊಂಡು, ನಿಗದಿತ ದಿನ ಮಾಡುವ ಬರೀ ಬೈಪಾಸ್ ಎಂದರೆ ಆಸ್ಪತ್ರೆಯಲ್ಲಿ ಸಾವಿನ ಅಂದಾಜು 7.5% ಆಸುಪಾಸು. ಇದೇ ವ್ಯಕ್ತಿ ಬಿಪಿ ಕುಸಿದು ಶಾಕ್‌ಗೆ ಹೋಗಿ, ಬಲೂನ್ ಪಂಪ್ (ಹೃದಯಕ್ಕೆ ಆಸರೆ ಕೊಡುವ ಯಂತ್ರ) ಮೇಲೆ, ತುರ್ತಾಗಿ ಟೇಬಲ್‌ಗೆ ಬಂದರೆ ಅದೇ ಲೆಕ್ಕ 30%ರ ಮೇಲೆ ಹೋಗುತ್ತದೆ. ರಕ್ತನಾಳಗಳು ಅವೇ, ಬ್ಲಾಕ್‌ಗಳೂ ಅವೇ. ಮನೆಯವರಿಗೆ ನಾನಾದರೆ ಈ ಎರಡು ಸಂಖ್ಯೆಗಳನ್ನೂ ಪಕ್ಕಪಕ್ಕ ಇಡುತ್ತೇನೆ.

ಈ ಲೆಕ್ಕ ಕೇಳದೇ ಬಿಡುವ ಸಂಗತಿಗಳೂ ಇವೆ: ಹಿಮೋಗ್ಲೋಬಿನ್, ಆಲ್ಬುಮಿನ್, ಲಿವರ್ ಸಿರೋಸಿಸ್, ಬಲ ಕುಹರದ ಶಕ್ತಿ, ಮಹಾಪಧಮನಿಯಲ್ಲಿ ಕಟ್ಟಿದ ಸುಣ್ಣ. ಎಲ್ಲಕ್ಕಿಂತ ಮುಖ್ಯ, ಗ್ರಾಫ್ಟ್ (ಬದಲಿ ನಾಳ) ಹೊಲಿಯಲು ಬ್ಲಾಕ್‌ನ ಆಚೆ ಒಳ್ಳೆಯ ನಾಳ ಉಳಿದಿದೆಯೇ ಅನ್ನುವುದು. ಹಳೇ ಸಕ್ಕರೆ ಕಾಯಿಲೆಯಲ್ಲಿ ನಾಳ ತುದಿಯವರೆಗೂ ದಾರದಷ್ಟು ಸಣ್ಣಗಾಗಿದ್ದರೆ ಸ್ಕೋರ್ ಎಷ್ಟೇ ಚೆನ್ನಾಗಿದ್ದರೂ ಗ್ರಾಫ್ಟ್ ನಿಲ್ಲುವುದಿಲ್ಲ. ಇನ್ನೊಂದು ವಿಚಿತ್ರ: ಡಯಾಲಿಸಿಸ್‌ನಲ್ಲಿರುವವರಿಗೆ ಈ ಸ್ಕೋರ್ ಕೊಡುವ ಭಾರ 50ಕ್ಕಿಂತ ಕೆಳಗಿನ ಕ್ಲಿಯರೆನ್ಸ್‌ಗಿಂತ ಕಡಿಮೆ. ಅದನ್ನು ಅಕ್ಷರಶಃ ತೆಗೆದುಕೊಳ್ಳಬೇಡಿ.

ನಡಿಗೆ ಪರೀಕ್ಷೆಗೆ ಖರ್ಚಿಲ್ಲ. ಐದು ಮೀಟರ್ ಗುರುತು ಹಾಕಿ, ಸಹಜ ವೇಗದಲ್ಲಿ ನಡೆಸಿ, ಮೂರು ಸಲ ಅಳೆದು ಸರಾಸರಿ ತೆಗೆಯಿರಿ. 6 ಸೆಕೆಂಡ್ ಅಥವಾ ಹೆಚ್ಚು ಬಂದರೆ ಸ್ಕೋರ್ ಹೇಳಿದ್ದಕ್ಕಿಂತ ಅಪಾಯ ಹೆಚ್ಚು ಎಂದೇ ಅರ್ಥ.

ಉತ್ತರ 2 (ಕಾರ್ಡಿಯಾಲಜಿ):
ರಿಸ್ಕ್ ಆಯಿತು, ಲಾಭದ ಲೆಕ್ಕ ಬೇಡವೇ? ಇಎಫ್ 35 ಅಥವಾ ಕಡಿಮೆ ಇದ್ದ 1212 ಜನರ ಮೇಲೆ ನಡೆದ ಸ್ಟಿಚ್ ಅಧ್ಯಯನದಲ್ಲಿ 10 ವರ್ಷದ ಹೊತ್ತಿಗೆ ಬೈಪಾಸ್ ಗುಂಪಿನಲ್ಲಿ 58.9%, ಬರೀ ಔಷಧಿ ಗುಂಪಿನಲ್ಲಿ 66.1% ಜನ ತೀರಿಕೊಂಡಿದ್ದರು. ಆದರೆ ಮೊದಲ 30 ದಿನದಲ್ಲಿ ಬೈಪಾಸ್ ಗುಂಪಿನಲ್ಲೇ ಸಾವು ಹೆಚ್ಚು. ಎರಡು ಗುಂಪುಗಳ ಸಾವಿನ ಗೆರೆಗಳು ಒಂದನ್ನೊಂದು ದಾಟಿದ್ದು ಸುಮಾರು ಎರಡು ವರ್ಷಕ್ಕೆ. ಅಂದರೆ ಬೆಲೆ ಮುಂಗಡ, ಫಲ ನಿಧಾನ. ಬೇರೆ ಕಾಯಿಲೆಯಿಂದಲೇ ಎರಡು ವರ್ಷ ಕಳೆಯುವುದು ಕಷ್ಟ ಎನ್ನುವವರಿಗೆ ಈ ವ್ಯಾಪಾರ ಗಿಟ್ಟುವುದಿಲ್ಲ.

ಒಂದು ಎಚ್ಚರಿಕೆ. ಆ ಅಧ್ಯಯನದವರ ವಯಸ್ಸು 60ರ ಆಸುಪಾಸು, ನಿಮ್ಮವರಿಗೆ 71. ವಯಸ್ಸು ಏರಿದಂತೆ ಒಟ್ಟು ಸಾವಿನಲ್ಲಿ ಸಿಗುವ ಲಾಭ ಕಿರಿದಾಗುತ್ತದೆ. ಮೇಲಾಗಿ ಇವತ್ತಿನ ಹಾರ್ಟ್ ಫೇಲ್ಯೂರ್ ಔಷಧಿಗಳಲ್ಲಿ ಸಾಕುಬಿಟ್ರಿಲ್ ಮತ್ತು ಡಾಪಾಗ್ಲಿಫ್ಲೋಜಿನ್‌ನಂಥ ಗ್ಲಿಫ್ಲೋಜಿನ್‌ಗಳು ಆಗ ಬಳಕೆಯಲ್ಲಿರಲಿಲ್ಲ.

"ಹಾಗಾದರೆ ಸ್ಟೆಂಟ್ ಹಾಕಿಬಿಡಿ" ಎನ್ನುವವರಿಗೆ: 2022ರ ರಿವೈವ್ಡ್ ಅಧ್ಯಯನದಲ್ಲಿ, ಇಂಥದೇ ಬಡ ಇಎಫ್‌ನ 700 ಜನರಲ್ಲಿ, ಔಷಧಿಗೆ ಸ್ಟೆಂಟ್ ಸೇರಿಸಿದ್ದರಿಂದ ಸಾವಾಗಲಿ ಹಾರ್ಟ್ ಫೇಲ್ಯೂರ್‌ಗೆ ಆಸ್ಪತ್ರೆ ಸೇರುವುದಾಗಲಿ ಕಡಿಮೆಯಾಗಲಿಲ್ಲ. ಸಕ್ಕರೆ ಕಾಯಿಲೆಯವರ ಫ್ರೀಡಂ ಅಧ್ಯಯನದಲ್ಲಿ (2012, 1900 ಜನ) ಐದು ವರ್ಷಕ್ಕೆ ಸಾವು, ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಮೂರೂ ಸೇರಿ ಸ್ಟೆಂಟ್‌ನಲ್ಲಿ 26.6%, ಬೈಪಾಸ್‌ನಲ್ಲಿ 18.7%. ಸ್ಟ್ರೋಕ್ ಮಾತ್ರ ಉಲ್ಟಾ: ಸ್ಟೆಂಟ್‌ನಲ್ಲಿ 2.4%, ಬೈಪಾಸ್‌ನಲ್ಲಿ 5.2%. ಇಎಫ್ ತೀರಾ ಕಡಿಮೆ ಇದ್ದವರು ಅದರಲ್ಲಿ ಬಹಳ ಕಡಿಮೆ, ಹಾಗಾಗಿ ನಿಮ್ಮ ರೋಗಿಗೆ ಅದನ್ನು ಯಥಾವತ್ತಾಗಿ ಅಂಟಿಸುವಂತಿಲ್ಲ.

ನನ್ನ ಒಲವು ಬೈಪಾಸ್ ಕಡೆಗೇ. ಎಲ್‌ಎಡಿಯಲ್ಲಿ ಹೊಲಿಯಲು ಜಾಗ ಚೆನ್ನಾಗಿರಬೇಕು, ನಡಿಗೆ ಪರೀಕ್ಷೆಯೂ ಸರಿ ಬರಬೇಕು. ಎರಡರಲ್ಲಿ ಒಂದು ಕೈಕೊಟ್ಟರೂ ಮಾತ್ರೆಯೇ ಸರಿ.

ಉತ್ತರ 3 (ಹೃದಯ ಅರಿವಳಿಕೆ):
ಸಂಖ್ಯೆ ಇಳಿಸುವ ಪ್ರಶ್ನೆಗೆ ಬರುತ್ತೇನೆ. ವಯಸ್ಸು ಇಳಿಯುವುದಿಲ್ಲ, ಇಎಫ್ ಹದಿನೈದು ದಿನದಲ್ಲಿ ಏರುವುದಿಲ್ಲ. ಕಿಡ್ನಿ, ರಕ್ತ, ಸಕ್ಕರೆ, ಶ್ವಾಸಕೋಶ ಇವು ನಮ್ಮ ಕೈಯಲ್ಲಿವೆ.

ಆಂಜಿಯೋಗ್ರಾಂನ ಡೈ ಕಿಡ್ನಿಗೆ ಕೊಟ್ಟ ಪೆಟ್ಟು ಆರುವ ಮೊದಲೇ ಹೃದಯ-ಶ್ವಾಸಕೋಶದ ಕೆಲಸ ಮಾಡುವ ಪಂಪ್‌ಗೆ ಹಾಕಿದರೆ ಎರಡನೇ ಪೆಟ್ಟು. ರೋಗಿ ಸ್ಥಿರವಾಗಿದ್ದರೆ ಕ್ರಿಯಾಟಿನಿನ್ ತನ್ನ ಹಳೆಯ ಮಟ್ಟಕ್ಕೆ ಮರಳುವವರೆಗೆ ಕಾಯಿರಿ. ಹಿಮೋಗ್ಲೋಬಿನ್ 9–10 ಇದ್ದು ಕಬ್ಬಿಣದ ಕೊರತೆ ಕಂಡರೆ ನರದ ಮೂಲಕ ಕಬ್ಬಿಣ ಕೊಡಲು ಈ ಸಮಯ ಬಳಸಿಕೊಳ್ಳಿ. 58 ಕೆ.ಜಿ.ಯ ಮೈಯಲ್ಲಿ ರಕ್ತವೇ ಕಡಿಮೆ, ಪಂಪ್‌ನ ಕೊಳವೆಯ ದ್ರವ ಅದನ್ನು ಇನ್ನೂ ತೆಳು ಮಾಡುತ್ತದೆ.

ಮಾತ್ರೆಗಳಲ್ಲಿ ತಪ್ಪು ಆಗುವುದು ಇಲ್ಲೇ:
ಆಸ್ಪಿರಿನ್ ನಿಲ್ಲಿಸಬೇಡಿ. ಟಿಕಾಗ್ರೆಲಾರ್ ಕನಿಷ್ಠ 3 ದಿನ ಮೊದಲು ನಿಲ್ಲಿಸಿ, ಕ್ಲೋಪಿಡೋಗ್ರೆಲ್ ಆಗಿದ್ದರೆ 5, ಪ್ರಾಸುಗ್ರೆಲ್ ಆಗಿದ್ದರೆ 7. ಇವರಿಗೆ ಸ್ಟೆಂಟ್ ಹಾಕಿದ್ದರೆ ಮಾತ್ರ ಕಾರ್ಡಿಯಾಲಜಿಯವರನ್ನು ಕೇಳದೆ ಮುಟ್ಟಬೇಡಿ. ಬೀಟಾ ಬ್ಲಾಕರ್ ಮತ್ತು ಸ್ಟ್ಯಾಟಿನ್ ಆ ದಿನ ಬೆಳಿಗ್ಗೆಯೂ ನಡೆಯಲಿ.

ಡಾಪಾಗ್ಲಿಫ್ಲೋಜಿನ್ 3 ದಿನ ಮೊದಲೇ ನಿಲ್ಲಬೇಕು. ಎಲ್ಲರೂ ಮರೆಯುವುದು ಇದನ್ನೇ. ಮರೆತರೆ ಆಪರೇಷನ್ ಮಾರನೇ ದಿನ ಸಕ್ಕರೆ 170 ಇರುತ್ತದೆ, ಆದರೆ ರಕ್ತದಲ್ಲಿ ಆಮ್ಲ ಏರುತ್ತಲೇ ಹೋಗುತ್ತದೆ. ಹೃದಯ ಸೋಲುತ್ತಿದೆ ಎಂದುಕೊಂಡು ಅಡ್ರಿನಲಿನ್ ಏರಿಸುತ್ತಾ ಕೂರುತ್ತಾರೆ, ಆ ಆಮ್ಲದ ಮೂಲವಾದ ಕೀಟೋನ್ ಮಾತ್ರ ಯಾರೂ ನೋಡಿರುವುದಿಲ್ಲ.

ಆಪರೇಷನ್ ಸುತ್ತಮುತ್ತ ಸಕ್ಕರೆ 180ರ ಕೆಳಗಿರಲಿ, ಇನ್ಸುಲಿನ್ ಡ್ರಿಪ್‌ನಲ್ಲೇ. 100ಕ್ಕೆ ತರುವ ಹಠ ಬೇಡ. ಎದೆಮೂಳೆಯ ಆಳದ ಸೋಂಕು ಬರುವುದು ಕೆಲವರಿಗೇ, ಬಂದರೆ ಪ್ರಾಣಕ್ಕೇ ಕುತ್ತು. ಎದೆಯ ಕೂದಲಿಗೆ ರೇಜರ್ ಬೇಡ, ಕ್ಲಿಪ್ಪರ್ ಸಾಕು. ಸೆಫಜೋಲಿನ್ (ಆಂಟಿಬಯಾಟಿಕ್) ಚರ್ಮ ಕೊಯ್ಯುವ ಮೊದಲಿನ 60 ನಿಮಿಷದೊಳಗೆ ಹೋಗಿರಬೇಕು.

ಪ್ರಶ್ನೆ ಕೇಳಿದವರು:
ತುಂಬಾ ಉಪಯೋಗವಾಯಿತು. ಬಡಿಯುವ ಹೃದಯದ ಮೇಲೆ, ಪಂಪ್ ಇಲ್ಲದೆ ಮಾಡಿದರೆ ಕಿಡ್ನಿಗೆ ಒಳ್ಳೆಯದಲ್ಲವೇ?

ಉತ್ತರ 1 (ಮತ್ತೆ):
ಅರ್ಧ ನಿಜ. 4752 ಜನರ ಕೊರೋನರಿ ಎಂಬ ಅಧ್ಯಯನದಲ್ಲಿ ಪಂಪ್ ಇಲ್ಲದಾಗ ಕಿಡ್ನಿಗೆ ಆಗುವ ಸಣ್ಣಪುಟ್ಟ ಪೆಟ್ಟು, ರಕ್ತ ಹಾಕುವ ಅಗತ್ಯ ಎರಡೂ ಕಡಿಮೆಯಾದವು. ಸಾವು, ಸ್ಟ್ರೋಕ್, ಹೊಸದಾಗಿ ಡಯಾಲಿಸಿಸ್ ಮಾತ್ರ ಹೆಚ್ಚುಕಡಿಮೆ ಒಂದೇ. ಇಎಫ್ 28ರ ದೊಡ್ಡ ಹೃದಯವನ್ನು ಹಿಂಬದಿ ನಾಳಕ್ಕಾಗಿ ಎತ್ತಿ ಹಿಡಿದಾಗ ಬಿಪಿ ಕುಸಿಯುತ್ತದೆ. ಆಗ ಅರ್ಧದಲ್ಲಿ ಓಡೋಡಿ ಪಂಪ್‌ಗೆ ಹಾಕುವುದಿದೆಯಲ್ಲ, ಎರಡೂ ವಿಧಾನಗಳ ಕೆಟ್ಟದ್ದು ಸಿಗುವುದು ಅಲ್ಲೇ. ಮಹಾಪಧಮನಿ ಸುಣ್ಣಗಟ್ಟಿದ್ದರೆ ಮಾತು ಬೇರೆ. ಅಲ್ಲಿ ಕ್ಲ್ಯಾಂಪ್ ಹಾಕಿದರೆ ಚೂರು ಎದ್ದು ಮೆದುಳಿಗೆ ಹೋಗುತ್ತದೆ, ಹಾಗಾಗಿ ಪಂಪ್ ಬಿಟ್ಟು, ಮಹಾಪಧಮನಿಯನ್ನು ಮುಟ್ಟದೆ ಮಾಡುವುದೇ ಲೇಸು. ಆಪರೇಷನ್‌ಗೆ ಮೊದಲು ಎದೆಯ ಸಾದಾ ಸಿಟಿ ಒಂದು ತೆಗೆಸಿಬಿಡಿ, ಅದಕ್ಕೆ ಡೈ ಬೇಡ.

ಗ್ರಾಫ್ಟ್ ವಿಷಯ: ಎದೆಯೊಳಗಿನ ಎಡ ಧಮನಿ ಎಲ್‌ಎಡಿಗೆ, ಉಳಿದದ್ದು ಕಾಲಿನ ಸಿರೆ. ಎರಡೂ ಕಡೆಯ ಎದೆ ಧಮನಿ ತೆಗೆದರೆ ಎದೆಮೂಳೆಗೆ ರಕ್ತ ಕಡಿಮೆಯಾಗುತ್ತದೆ, ಇನ್ಸುಲಿನ್ ಮೇಲಿರುವ 71ರ ವ್ಯಕ್ತಿಗೆ ಆ ಸಾಹಸ ಬೇಡ.

ಉತ್ತರ 4 (ಹೃದಯ ಐಸಿಯು ನರ್ಸಿಂಗ್):
ಟೇಬಲ್ ಮೇಲೆ ಹೋಗಿಬಿಟ್ಟರೆ ಅಂತ ಮನೆಯವರು ಹೆದರುತ್ತಾರೆ. ಇಂಥ ರೋಗಿಗಳು ಹೆಚ್ಚಾಗಿ ಕೈತಪ್ಪುವುದು ಆಮೇಲಿನ ದಿನಗಳಲ್ಲಿ.

ಮೊದಲ ರಾತ್ರಿ ಡ್ರೇನ್ (ಎದೆಯೊಳಗಿನ ರಕ್ತ ಹೊರತರುವ ಕೊಳವೆ) ನೋಡಬೇಕು. ಗಂಟೆಗೆ 200 ಎಂ.ಎಲ್. ಮೇಲೆ ಒಂದೇ ಸಮನೆ ಬರುತ್ತಿದ್ದರೆ ಸರ್ಜನ್‌ಗೆ ಕರೆ ಹೋಗಬೇಕು. ಅದಕ್ಕಿಂತ ಹೆದರಿಕೆ ಯಾವುದೆಂದರೆ, ಜೋರಾಗಿ ಬರುತ್ತಿದ್ದ ಡ್ರೇನ್ ಇದ್ದಕ್ಕಿದ್ದಂತೆ ನಿಂತುಹೋಗುವುದು. ರಕ್ತ ನಿಂತಿತು ಅಂತ ಸಮಾಧಾನಪಡಬೇಡಿ. ಸಿವಿಪಿ (ಹೃದಯಕ್ಕೆ ಮರಳುವ ದೊಡ್ಡ ಸಿರೆಯ ಒತ್ತಡ) ಏರುತ್ತಾ, ಬಿಪಿ ಇಳಿಯುತ್ತಾ, ಮೂತ್ರ ನಿಂತರೆ ಕೊಳವೆ ಹೆಪ್ಪುಗಟ್ಟಿ ರಕ್ತ ಹೃದಯದ ಸುತ್ತ ತುಂಬುತ್ತಿದೆ ಎಂದರ್ಥ.

ಮೂತ್ರದ ಲೆಕ್ಕ: ಕೆ.ಜಿ.ಗೆ ಗಂಟೆಗೆ 0.5 ಎಂ.ಎಲ್., ಅಂದರೆ ಇವರಿಗೆ 29. ಸತತ ಆರು ಗಂಟೆ ಅದಕ್ಕಿಂತ ಕಡಿಮೆಯಾದರೆ ಬರೀ ಮೂತ್ರ ಬರಿಸುವ ಫ್ಯೂರೋಸಮೈಡ್ ತಳ್ಳುವುದಲ್ಲ, ಹೃದಯದ ಔಟ್‌ಪುಟ್, ಲ್ಯಾಕ್ಟೇಟ್ (ಅಂಗಗಳಿಗೆ ರಕ್ತ ಸಾಲದಾಗ ಏರುವ ಆಮ್ಲ) ನೋಡಬೇಕು.

ಎರಡರಿಂದ ನಾಲ್ಕನೇ ದಿನದೊಳಗೆ ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಬಡಿತ ತಾಳ ತಪ್ಪುವುದು) ಬರುವ ಸಂಭವ ಬಹಳ; ಬೈಪಾಸ್ ಆದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಬರುತ್ತದೆ. ಗಟ್ಟಿ ಹೃದಯದವರು ತಡೆದುಕೊಳ್ಳುತ್ತಾರೆ, ಇಎಫ್ 28ರವರಿಗೆ ಕೂಡಲೇ ಬಿಪಿ ಇಳಿಯುತ್ತದೆ. ಪೊಟ್ಯಾಷಿಯಂ 4ರ ಮೇಲಿರಲಿ, ಮೆಗ್ನೀಷಿಯಂ ನೋಡಿ, ಬೀಟಾ ಬ್ಲಾಕರ್ ಆದಷ್ಟು ಬೇಗ ಮತ್ತೆ ಶುರುವಾಗಲಿ. ರಾತ್ರಿ ಹೊತ್ತು ಗೊಂದಲ, ಟ್ಯೂಬ್ ಕೀಳುವುದು ಈ ವಯಸ್ಸಿನಲ್ಲಿ ಸಾಮಾನ್ಯ. ಕನ್ನಡಕ, ಕಿವಿಯ ಯಂತ್ರ ಇದ್ದರೆ ಐಸಿಯು ಒಳಗೇ ಕೊಟ್ಟುಕಳಿಸಲು ಮನೆಯವರಿಗೆ ಹೇಳಿ.

ಉತ್ತರ 5 (ಹೃದಯ ಪುನಶ್ಚೇತನ, ಫಿಸಿಯೋ):
ಊದುವ ಸ್ಪೈರೋಮೀಟರ್ (ಉಸಿರಿನ ವ್ಯಾಯಾಮದ ಸಾಧನ) ಕಲಿಕೆ ಆಪರೇಷನ್‌ಗೆ ಎರಡು ವಾರ ಮೊದಲೇ ಶುರುವಾಗಲಿ. ಎದೆ ಕೊಯ್ದ ನೋವಿನಲ್ಲಿ ಹೊಸದಾಗಿ ಏನನ್ನೂ ಕಲಿಯಲಾಗುವುದಿಲ್ಲ. ಅಂದಹಾಗೆ ಹೆಸರು ಊದುವುದಾದರೂ ಮಾಡಬೇಕಾದ್ದು ನಿಧಾನವಾಗಿ ಒಳಗೆ ಎಳೆಯುವುದು. ಅರ್ಧ ಜನ ಊದುತ್ತಲೇ ಇರುತ್ತಾರೆ.

ಮನೆಗೆ ಹೋದ ಮೇಲೆ 6ರಿಂದ 8 ವಾರ ಭಾರ ಎತ್ತುವಂತಿಲ್ಲ, ಕೈಯೂರಿ ಮಂಚದಿಂದ ಏಳುವಂತಿಲ್ಲ. ಕೆಮ್ಮುವಾಗ ದಿಂಬನ್ನು ಎದೆಗೆ ಅವುಚಿ ಹಿಡಿಯಬೇಕು. ಮಗ್ಗುಲಾದಾಗ ಎದೆಮೂಳೆ ಕಟಕ್ ಅಂದರೆ, ಗಾಯದಿಂದ ನೀರು ಜಿನುಗಿದರೆ ಅವತ್ತೇ ತೋರಿಸಬೇಕು. ಆಂಟಿಬಯಾಟಿಕ್ ಮಾತ್ರೆ ನುಂಗಿ ಕಾಯುವ ವಿಷಯವಲ್ಲ. ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು ತೂಕ ನೋಡಿ ಬರೆದಿಡಲಿ, ಎರಡು ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಅದು ನೀರು.

ಉತ್ತರ 2 (ಮತ್ತೆ):
ಇದೊಂದು ಸೇರಿಸಿ. ಬೈಪಾಸ್ ಆದ ತಕ್ಷಣದ ಎಕೋ ನೋಡಿ ಐಸಿಡಿ (ಬಡಿತ ಅಪಾಯಕರವಾಗಿ ಕೆಟ್ಟಾಗ ಶಾಕ್ ಕೊಡುವ, ಮೈಯೊಳಗೆ ಕೂರಿಸುವ ಯಂತ್ರ) ತೀರ್ಮಾನ ಮಾಡಬೇಡಿ. ಔಷಧಿಗಳನ್ನು ಪೂರ್ಣ ಪ್ರಮಾಣಕ್ಕೆ ಏರಿಸಿ, 90 ದಿನ ಬಿಟ್ಟು ಮತ್ತೊಮ್ಮೆ ಎಕೋ ಮಾಡಿಸಿ. ಇಎಫ್ ಆಗಲೂ 35 ದಾಟಿರದಿದ್ದರೆ ಕಳಿಸಿ. ಆಪರೇಷನ್‌ಗೆ ನಿಲ್ಲಿಸಿದ ಡಾಪಾಗ್ಲಿಫ್ಲೋಜಿನ್ ಮತ್ತೆ ಬರೆದಿದ್ದಾರೆಯೇ ಅಂತ ಡಿಸ್ಚಾರ್ಜ್ ಚೀಟಿಯಲ್ಲೇ ನೋಡಿಕೊಳ್ಳಿ.