ಸಹಾಯ ಬೇಕು: ಹುಲ್ಲು ಮಣ್ಣಿಗೆ ಸೇರಿಸಿದ ಗದ್ದೆಯಲ್ಲಿ ನಾಟಿ ಹಳದಿ, ಬೇರು ಕಪ್ಪು

ಗಂಗಾವತಿ ಕಡೆ, ಎರೆ ಭೂಮಿ, ಕಾಲುವೆ ನೀರು, ಭತ್ತದ ಮೇಲೆ ಭತ್ತ. ಮಷಿನ್ ಕೊಯ್ಲಿನ ಹುಲ್ಲು ಎಕರೆಗೆ ಸುಮಾರು 2 ಟನ್. ಸುಟ್ಟರೆ ಸಾರಜನಕ, ಗಂಧಕ ಹೊಗೆಯಾಗಿ ಹೋಗುತ್ತವೆ. ಹಾಗಾಗಿ ರೋಟವೇಟರ್ ಹೊಡೆದು, ಕೆಸರು ಮಾಡಿ, ವಾರದೊಳಗೆ ನಾಟಿ.

ಎರಡನೇ ವಾರಕ್ಕೆ ಪೈರು ಹಳದಿ. ಕಿತ್ತು ನೋಡಿದರೆ ಬೇರು ಕಪ್ಪು, ಕೊಳೆತ ಮೊಟ್ಟೆಯ ವಾಸನೆ, ಕಾಲಿಟ್ಟಲ್ಲೆಲ್ಲ ಗುಳ್ಳೆ. ಹುಲ್ಲಿನಲ್ಲಿ ಸಾರಜನಕ ಕಡಿಮೆ (ಇಂಗಾಲ-ಸಾರಜನಕ ಅನುಪಾತ 60ಕ್ಕೂ ಹೆಚ್ಚು), ಹಾಗಾಗಿ ಕೊಳೆಸುವ ಜೀವಾಣುಗಳೇ ಮೊದಲು ಯೂರಿಯಾ ನುಂಗುತ್ತವೆ. ವಾಸನೆ ಗಾಳಿಯಾಡದ ಕೆಸರಿನ ಹೈಡ್ರೋಜನ್ ಸಲ್ಫೈಡ್‌ನದು. ಅಷ್ಟು ಗೊತ್ತು.

ನೀರು ನಿಲ್ಲಿಸದೆ ಮಣ್ಣಿನ ಹದದಲ್ಲೇ ಮೂರು ವಾರ ಕೊಳೆಯಲು ಬಿಡೋಣವೆಂದರೆ ಕಾಲುವೆ ಸರದಿ ಕಾಯುವುದಿಲ್ಲ. ಉಳುಮೆಗೆ ಮುಂಚೆ ಎಕರೆಗೆ 10 ಕೆಜಿ ಯೂರಿಯಾ, ಜೊತೆಗೆ ಟ್ರೈಕೋಡರ್ಮಾ (ಹುಲ್ಲು ಕೊಳೆಸುವ ಶಿಲೀಂಧ್ರ) ಹಾಕಿದವರಿಗೆ ಕೊಳೆಯುವ ಕಾಲದಲ್ಲಿ ಎಷ್ಟು ದಿನ ಉಳಿತಾಯವಾಯಿತು? ನಾಟಿ ನಂತರ ನೀರು ಬಸಿದು ಆರಿಸಿದರೆ ಬೇರು ಬಿಳಿಯಾಗುತ್ತದೆ, ಆದರೆ ಎರೆ ಬಿರುಕು ಬಿಟ್ಟರೆ ಮುಂದೆ ನೀರು ನಿಲ್ಲದು. ಎಲ್ಲಿವರೆಗೆ ಆರಿಸಬೇಕು? ಎರೆಯಲ್ಲಿ ಮಾಡಿದವರು ಹೇಳಿ, ಮರಳು ಮಣ್ಣಿನ ಲೆಕ್ಕ ಇಲ್ಲಿ ಹೊಂದುವುದಿಲ್ಲ.